ವಿಜ್ಞಾನವನ್ನು ತಿಳಿಹೇಳುವ ವಿದ್ಯೆ

ನಮ್ಮ ಶಾಲೆಯಲ್ಲಿ ಓದು ಮುಗಿಸಿ ಬಿ.ಎಸ್‌ಸಿ. ಎರಡನೆಯ ವರ್ಷದಲ್ಲಿ ವ್ಯಾಸಂಗ ಮಾಡುತ್ತಿದ್ದ ಹಳೆಯ ವಿದ್ಯಾರ್ಥಿಯೊಬ್ಬನು ಕೆಲವು ವರ್ಷಗಳ ಹಿಂದೆ ಒಂದು ಸಂಜೆ ನಮ್ಮ ಮನೆಗೆ ಓಡಿಬಂದನು. ಅವನ ತಮ್ಮನಿಗೆ ಆ ಮಧ್ಯಾಹ್ನ ಬೀದಿನಾಯಿ ಕಚ್ಚಿತ್ತು. ಮನೆಯ ಹಿರಿಯಳಾದ ಆಯಿ ಗಾಯಕ್ಕೆ ಖಾರದ ಪುಡಿಯನ್ನೂ ಸುಣ್ಣವನ್ನೂ ಮೆತ್ತಿ ಬಟ್ಟೆ ಕಟ್ಟಿ ಕೂರಿಸಿದ್ದಳು. ಅಣ್ಣನು ಜೀವಶಾಸ್ತ್ರದ ವಿದ್ಯಾರ್ಥಿ. ರೇಬೀಸ್ ರೋಗದ ವೈರಸ್ಸು ನರಗಳ ಮಾರ್ಗವಾಗಿ ಮೆದುಳನ್ನು ಸೇರುವುದೆಂದೂ, ರೋಗದ ಚಿಹ್ನೆಗಳು ತೋರಿದ ಮೇಲೆ ಬದುಕುವ ಆಸೆ ಇಲ್ಲವೇ ಇಲ್ಲವೆನ್ನಬಹುದೆಂದೂ ಅವನು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕಗಳನ್ನು ಪಡೆದಿದ್ದನು. ಅದನ್ನೇ ಆಯಿಗೆ ಹೇಳಿದನು. ಆಕೆ ಕೇಳಿದ್ದು ಇಷ್ಟೇ: "ಕಣ್ಣಿಗಿ ಕಾಣದ ಹುಳ ಅಂತಿ. ಹುಳ ಇದ್ರ ಖಾರಕ್ಕ ಸಾಯಲ್ದೇನು?" ಅವನ ಬಳಿ ಉತ್ತರವಿರಲಿಲ್ಲ. ನಮ್ಮೆದುರು ನಿಂತು, "ಸರ್, ನನಗೆಲ್ಲಾ ಬರ್ತದ, ಹೇಳ್ಲಿಕ್ಕೇ ಬರಲ್ದು" ಎಂದನು.

ನಾವು ಹೋದೆವು. ಗಾಯವನ್ನು ತೊಳೆಸಿ ಹುಡುಗನನ್ನು ಆಸ್ಪತ್ರೆಗೆ ಕರೆದೊಯ್ಯಲಾಯಿತು, ಸೂಜಿಗಳೆಲ್ಲ ಪೂರ್ಣವಾದವು, ಅವನು ಇಂದು ಆರೋಗ್ಯವಾಗಿದ್ದಾನೆ. ಆದರೆ ಒಂದು ಮಾತನ್ನು ಮರೆಮಾಚತಕ್ಕುದಲ್ಲ. ಆಯಿ ಒಪ್ಪಿದ್ದು ನಮ್ಮ ಮಾತಿನ ಬಲದಿಂದಲ್ಲ, ಹೆಡ್‌ಮಾಸ್ತರರು ಮನೆ ಬಾಗಿಲಿಗೆ ಬಂದರಲ್ಲಾ ಎಂಬ ಸಂಕೋಚದಿಂದ. ಆಕೆಯ ಪ್ರಶ್ನೆಗೆ ನಾವೂ ಉತ್ತರ ಕೊಡಲಿಲ್ಲ. ಮರುದಿನ ನೆರೆಮನೆಯ ಮಗುವಿಗೆ ನಾಯಿ ಕಚ್ಚಿದ್ದರೆ ಆಕೆ ಮತ್ತೆ ಖಾರದ ಡಬ್ಬಿಯನ್ನೇ ತರುತ್ತಿದ್ದಳು.

ವಿಜ್ಞಾನವನ್ನು ಬಲ್ಲವನು ವಿಜ್ಞಾನವನ್ನು ಹೇಳಲೂ ಬಲ್ಲನೆಂದು ನಾವೆಲ್ಲರೂ ಬಹುಕಾಲದಿಂದ ನಂಬಿಕೊಂಡು ಬಂದಿದ್ದೇವೆ. ಇದು ಸರಿಯಾದ ನಂಬಿಕೆಯಲ್ಲ. ವಸ್ತುವನ್ನು ಅರಿಯುವುದು ಒಂದು ವಿದ್ಯೆ. ಕೇಳುವವನ ಮನಸ್ಸನ್ನು ಅರಿತು ಆ ವಸ್ತುವನ್ನು ಅಲ್ಲಿಗೆ ಮುಟ್ಟಿಸುವುದು ಬೇರೊಂದು ವಿದ್ಯೆ. ಈ ಎರಡನೆಯದಕ್ಕೆ ಆಧಾರವಾಗಿರುವುದು ಮನಶ್ಶಾಸ್ತ್ರ. ಕಾಲೇಜಿನಲ್ಲಿ ವಿಜ್ಞಾನವನ್ನು ಓದುವ ಪ್ರತಿಯೊಬ್ಬ ಯುವಕ ಯುವತಿಗೂ ಇದನ್ನು ಕ್ರಮವಾಗಿ ಕಲಿಸಬೇಕೆಂಬುದೂ, ಅದರಲ್ಲಿಯೂ ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳ ಕಡೆಯಿಂದ ಹೋಗುವ ನಮ್ಮ ಮಕ್ಕಳಿಗೆ ಇದು ಅತ್ಯವಶ್ಯಕವೆಂಬುದೂ ನಮ್ಮ ಅಭಿಪ್ರಾಯ.

ಕನ್ನಡಕ್ಕೆ ಇದು ಹೊಸ ಚಿಂತೆಯೇನೂ ಅಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ 1918ರಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಎರಡು ವರ್ಷ ಮಾತ್ರ ನಡೆಯಿತು. ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲ ಪ್ರಪಂಚ'ವನ್ನೂ, ಮುಂದೆ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನೂ ಬರೆದರು. ಆದರೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದ ಉದಾಹರಣೆ ಮೈಸೂರಿನದು. ಅಲ್ಲಿನ ಮಹಾರಾಜಾ ಕಾಲೇಜಿನಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಪ್ರಾರಂಭವಾಯಿತು. ಭಾರತದಲ್ಲಿ ಕಲ್ಕತ್ತೆಯ ತರುವಾಯ ಅದೇ ಎರಡನೆಯದು. ಅದರ ಮುಖ್ಯಸ್ಥರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಶಿಷ್ಯರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು. ಅವರು 1935ರಲ್ಲಿ ತಮ್ಮ ಮನೆ 'ವಿಠಲ ವಿಹಾರ'ದಲ್ಲಿಯೇ 30 ವ್ಯಾಟುಗಳ ಒಂದು ಸಣ್ಣ ಪ್ರಸಾರಯಂತ್ರವನ್ನಿಟ್ಟು ಬಾನುಲಿ ಕೇಂದ್ರವನ್ನು ತೆರೆದರು. 'ಆಕಾಶವಾಣಿ' ಎಂಬ ಹೆಸರು ಆ ಕೇಂದ್ರಕ್ಕೆ ಸಂದಿತು. ಮುಂದೆ ಇಡೀ ದೇಶದ ಬಾನುಲಿಯೇ ಆ ಹೆಸರನ್ನು ತಾಳಿತು. 1942ರಲ್ಲಿ ಮೈಸೂರು ಸರ್ಕಾರದವರು ಅದನ್ನು ವಹಿಸಿಕೊಂಡರು.

ಯಂತ್ರವನ್ನು ಎಂಜಿನಿಯರನೂ ಕಟ್ಟಬಹುದಾಗಿತ್ತು. ಅದನ್ನು ಮನೆಯಲ್ಲಿ ತಂದಿಟ್ಟವರು ಪದವಿ ತರಗತಿಗಳಿಗೆ ಮನಶ್ಶಾಸ್ತ್ರವನ್ನು ಬೋಧಿಸುತ್ತಿದ್ದ ಪ್ರಾಧ್ಯಾಪಕರು ಎಂಬುದು ಕೇವಲ ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ತರಗತಿಯಲ್ಲಿ ಮಾತನಾಡುವವನಿಗೆ ಎದುರಿಗೆ ಮುಖಗಳಿವೆ. ಒಬ್ಬನು ಆಕಳಿಸಿದರೆ ಪಾಠ ತಪ್ಪಿತೆಂದು ಗೊತ್ತಾಗುವುದು. ಬಾನುಲಿಯಲ್ಲಿ ಮುಖಗಳಿಲ್ಲ. ಕಾಣದ ಕೇಳುಗನ ಮನಸ್ಸಿನಲ್ಲಿ ಏನು ನಡೆಯುತ್ತಿದೆಯೆಂಬುದನ್ನು ಮೊದಲೇ ಊಹಿಸಿಕೊಂಡು ಮಾತನಾಡಬೇಕು. ಆ ಊಹೆಯನ್ನು ಕಲಿಸುವ ಶಾಸ್ತ್ರವೇ ಮನಶ್ಶಾಸ್ತ್ರ.

ಆ ಊಹೆಯಲ್ಲಿ ನಾವು ಎಷ್ಟು ದುರ್ಬಲರೆಂಬುದನ್ನು ತೋರಿಸುವ ಒಂದು ಸೊಗಸಾದ ಪ್ರಯೋಗವಿದೆ. 1990ರಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧಕಿ ಕೆಲವರಿಗೆ ಪ್ರಸಿದ್ಧ ಹಾಡುಗಳ ಪಟ್ಟಿಯನ್ನು ಕೊಟ್ಟು, ಹಾಡದೆ ಮೇಜಿನ ಮೇಲೆ ಬೆರಳಿನಿಂದ ತಾಳವನ್ನು ಮಾತ್ರ ಬಡಿಯಬೇಕೆಂದೂ ಎದುರಿಗಿದ್ದವರು ಹಾಡು ಯಾವುದೆಂದು ಹೇಳಬೇಕೆಂದೂ ಗೊತ್ತುಮಾಡಿದಳು. ನೂರಕ್ಕೆ ಐವತ್ತರಷ್ಟಾದರೂ ಗುರುತಿಸುವರೆಂದು ಬಡಿದವರ ಅಂದಾಜು. ಬಡಿದ ಹಾಡುಗಳು 120. ಗುರುತು ಸಿಕ್ಕಿದ್ದು 3. ಕಾರಣ ಸುಲಭ. ಬಡಿಯುವವನ ತಲೆಯಲ್ಲಿ ಹಾಡು ಪೂರ್ಣವಾಗಿ ಮೊಳಗುತ್ತಿರುವುದು. ಕೇಳುವವನಿಗೆ ಬರಿಯ ಟಕ್ ಟಕ್ ಸದ್ದು. ನಾವು ಇದನ್ನು ಹತ್ತನೆಯ ತರಗತಿಯಲ್ಲಿ ಎಲ್ಲರಿಗೂ ಬರುವ ಭಜನೆಯ ಪದಗಳಿಂದ ಮಾಡಿಸಿ ನೋಡಿದೆವು. ತಾಳ ಹಾಕಿದ ಹುಡುಗರಿಗೆ ಗೆಳೆಯರ ಮೇಲೆ ಬಂದ ಸಿಟ್ಟನ್ನು ನೋಡಬೇಕಾಗಿತ್ತು! ಆ ಸಿಟ್ಟು ನಮಗೆ ಹಳೆಯ ಪರಿಚಯದ್ದು. ಬೀಜಗಣಿತವನ್ನು ಮೂರನೆಯ ಸಲ ಹೇಳುವಾಗ ಉಪಾಧ್ಯಾಯರ ಮುಖದಲ್ಲಿ ಕಾಣುವುದೂ ಅದೇ. ಬಿ.ಎಸ್‌ಸಿ. ಓದಿದ ನಮ್ಮ ಹುಡುಗನು ಆಯಿಯ ಮುಂದೆ 'ವೈರಸ್', 'ನರ' ಎಂದಾಗ ಬಡಿಯುತ್ತಿದ್ದುದೂ ಇಂಥ ತಾಳವನ್ನೇ.

ಹಾಗೆಂದು ಕೇಳುವವನ ತಲೆ ಖಾಲಿಯೆಂದು ತಿಳಿಯಬಾರದು. ಇದು ಎರಡನೆಯ ಪಾಠ. ನಮ್ಮ ಮಟ್ಟಿಗೆ ಮೊದಲನೆಯದಕ್ಕಿಂತ ದೊಡ್ಡದು. ಸ್ಟೆಲ್ಲಾ ವೋಸ್ನಿಯಾಡೂ ಮತ್ತು ವಿಲಿಯಂ ಬ್ರೂವರ್ ಎಂಬವರು 1992ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಅಮೆರಿಕೆಯ ಶಾಲಾಮಕ್ಕಳನ್ನು ಭೂಮಿಯ ಆಕಾರದ ವಿಷಯವಾಗಿ ಪ್ರಶ್ನಿಸಿದರು. ಭೂಮಿ ದುಂಡಗಿದೆಯೆಂದು ಮಕ್ಕಳು ಹೇಳಿದರು. ಆದರೆ ಬಿಡಿಸಿ ಬಿಡಿಸಿ ಕೇಳಿದಾಗ, ಕೆಲವರ ಭೂಮಿ ತಟ್ಟೆಯಂತೆ ದುಂಡಗೆ. ಕೆಲವರಿಗೆ ನಾವು ಟೊಳ್ಳಾದ ಚೆಂಡಿನ ಒಳಗೆ ಸಮತಟ್ಟಾದ ನೆಲದ ಮೇಲಿದ್ದೇವೆ. ಇನ್ನು ಕೆಲವರಿಗೆ ಭೂಮಿಗಳು ಎರಡು, ಒಂದು ನಾವು ನಿಂತಿರುವುದು, ಇನ್ನೊಂದು ಪುಸ್ತಕದಲ್ಲಿರುವ ಗೋಲ! ಇದೇ ಪರೀಕ್ಷೆಯನ್ನು ಅವರು ಅಲಾ ಸಮರಪುಂಗವನ್ ಎಂಬವರೊಂದಿಗೆ ನಮ್ಮ ಹೈದರಾಬಾದಿನ ಒಂದನೆಯ ಮತ್ತು ಮೂರನೆಯ ತರಗತಿಯ ಮಕ್ಕಳಲ್ಲಿ ನಡೆಸಿ 1996ರಲ್ಲಿ ಪ್ರಕಟಿಸಿದರು. ಇಲ್ಲಿನ ಅನೇಕ ಮಕ್ಕಳ ಭೂಮಿ ನೀರಿನ ಮೇಲೆ ನಿಂತಿತ್ತು. ಮನೆಯಲ್ಲಿ ಕೇಳಿದ ಪುರಾಣದ ಕಥೆಯನ್ನೂ ಶಾಲೆಯಲ್ಲಿ ಕೇಳಿದ ಪಾಠವನ್ನೂ ಮಗು ತನ್ನದೇ ರೀತಿಯಲ್ಲಿ ಹೊಂದಿಸಿಕೊಂಡಿತ್ತು. ಮಗುವನ್ನು ದಡ್ಡನೆಂದು ಕರೆಯುವ ಉಪಾಧ್ಯಾಯನು ಈ ಹೊಂದಾಣಿಕೆಯ ಹಿಂದಿರುವ ಬುದ್ಧಿಯನ್ನು ಕಾಣಲಾರನು. ಆಯಿಯ ಪ್ರಶ್ನೆಯೂ ಅಂಥದೇ. ಹುಳವಿದ್ದರೆ ಖಾರಕ್ಕೆ ಸಾಯಬೇಕೆಂಬುದು ಅಜ್ಞಾನವಲ್ಲ, ಅದೊಂದು ತರ್ಕ.

ನಮ್ಮ ಭಾಗದಲ್ಲಿ ಈ ತೊಡಕಿಗೆ ಭಾಷೆಯ ತೊಡಕು ಕೂಡಿಕೊಳ್ಳುವುದು. ನಾರಾಯಣಖೇಡವೂ ಜಹೀರಾಬಾದಿನ ಬಹುಭಾಗವೂ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಗೂ, ತಾಂಡೂರು ಗುಲ್ಬರ್ಗಾ ಜಿಲ್ಲೆಗೂ ಸೇರಿದ್ದವು. ಗಡಿ ಸರಿಯಿತು, ಮನೆಗಳು ಇದ್ದಲ್ಲಿಯೇ ಇದ್ದವು. ನಮ್ಮ ಮಗು ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಸಂತೆಯಲ್ಲಿ ದಖನಿ ಉರ್ದು ಆಡಿ, ಕಾಲೇಜಿನಲ್ಲಿ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದುವುದು. ಇಂಗ್ಲಿಷಿನಲ್ಲಿ ಓದಿದ್ದು ಆ ಪುಸ್ತಕದಲ್ಲಿಯೇ ಉಳಿಯುವುದು. ಕನ್ನಡದಲ್ಲಿಯೇ ಹೇಳಿದರೂ ಪದಗಳು ಮೋಸ ಮಾಡಬಹುದು. 'ಉಷ್ಣ' ಎಂಬ ಮಾತನ್ನು ನೋಡಿರಿ. ಭೌತಶಾಸ್ತ್ರದ ಪಾಠದಲ್ಲಿ ಅದು ಒಂದು ಬಗೆಯ ಶಕ್ತಿ, ಅಳೆಯಬಹುದಾದದ್ದು. ಮನೆಯಲ್ಲಿಯಾದರೋ ಪಪ್ಪಾಯಿ ಉಷ್ಣ, ಮಜ್ಜಿಗೆ ತಂಪು. ಇದಕ್ಕೂ ಉಷ್ಣಮಾಪಕಕ್ಕೂ ಯಾವ ಸಂಬಂಧವೂ ಇಲ್ಲ. ಫ್ರಿಜ್ಜಿನಿಂದ ತೆಗೆದ ಪಪ್ಪಾಯಿಯೂ ಉಷ್ಣವೇ! ಹಾಗೆಯೇ 'ಕೆಲಸ'. ತಲೆಯ ಮೇಲೆ ಮೂಟೆ ಹೊತ್ತು ಒಂದು ಗಂಟೆ ಅಲುಗಾಡದೆ ನಿಂತ ಹಮಾಲನು ಆ ಮೂಟೆಯ ಮೇಲೆ ಯಾವ ಕೆಲಸವನ್ನೂ ಮಾಡಿಲ್ಲವೆಂದು ಭೌತಶಾಸ್ತ್ರ ಹೇಳುವುದು. ತಾಂಡೂರಿನ ಪರಸಿ ಕಲ್ಲಿನ ಗಣಿಯಲ್ಲಿ ದುಡಿಯುವ ತಂದೆಯ ಮಗನು ಈ ವಾಕ್ಯವನ್ನು ಬಾಯಿಪಾಠ ಮಾಡಿಯಾನು, ನಂಬಲಾರನು. ಒಂದೇ ಪದಕ್ಕೆ ಮನೆಯಲ್ಲೊಂದು, ಪುಸ್ತಕದಲ್ಲೊಂದು ಅರ್ಥವಿದೆಯೆಂದು ಮೊದಲೇ ಬಾಯಿಬಿಟ್ಟು ಹೇಳುವುದೊಂದೇ ಇದಕ್ಕೆ ದಾರಿ.

ನಾವು ಬಿ.ಟಿ. ಪರೀಕ್ಷೆಗೆ ಓದುವಾಗ ಹರ್ಬಾರ್ಟ್ ಎಂಬ ಜರ್ಮನ್ ಪಂಡಿತನ ಹೆಸರಿನಲ್ಲಿ ನಡೆಯುವ ಐದು ಪಾಠಸೋಪಾನಗಳನ್ನು ಉರುಹೊಡೆದಿದ್ದೆವು. ಗೊತ್ತಿದ್ದುದರಿಂದ ಗೊತ್ತಿಲ್ಲದುದಕ್ಕೆ ಹೋಗು ಎಂಬುದು ಅದರ ಸಾರ. ಆಗ ಅದು ಶುಷ್ಕವಾಗಿ ಕಂಡಿತ್ತು. ಹೊಲದ ಬದುವಿನಲ್ಲಿ ನಿಂತಾಗ ಅದರ ಬೆಲೆ ತಿಳಿಯಿತು. ತೊಗರಿಯ ಬೇರಿನ ಗಂಟುಗಳಲ್ಲಿ ವಾಸಿಸುವ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುವುವೆಂದು ರೈತನಿಗೆ ಹೇಳಹೊರಟರೆ ಅವನು ಎರಡನೆಯ ಮಾತಿಗೆ ಬೀಡಿ ಹಚ್ಚುವನು. "ತೊಗರಿ ಹಾಕಿದ ಹೊಲದಾಗ ಮುಂದಿನ ವರ್ಷ ಜೋಳ ಚಲೋ ಬರ್ತದಲ್ಲಾ, ಯಾಕ?" ಎಂದು ಕೇಳಿ ನೋಡಿರಿ. ಅವನೇ ಗಿಡವನ್ನು ಕಿತ್ತು ಬೇರನ್ನು ನಿಮ್ಮ ಕೈಗೆ ಕೊಡುವನು. ಅರ್ಧ ಪಾಠವನ್ನು ಅವನೇ ಹೇಳಿದಂತಾಯಿತು.

ತಿಳಿಯುವುದಕ್ಕೂ ಮಾಡುವುದಕ್ಕೂ ನಡುವೆ ಮತ್ತೊಂದು ಹಳ್ಳವಿದೆ. ನಾಯಿ ಕಚ್ಚಿದರೆ ಆಸ್ಪತ್ರೆಗೆ ಹೋಗಬೇಕೆಂದು ಇಂದು ತಿಳಿಯದವರು ಕಡಿಮೆ. ಆದರೂ ಮೊದಲ ಸೂಜಿಯ ಮೇಲೆ ಎರಡನೆಯದಕ್ಕೆ ಹೋಗದವರಿದ್ದಾರೆ. ಇಂಥವರಿಗೆ ಹೆದರಿಕೆ ಹುಟ್ಟಿಸಬೇಕೆಂಬುದು ಸಾಮಾನ್ಯವಾದ ಎಣಿಕೆ. ಹವರ್ಡ್ ಲೆವೆಂಥಾಲ್ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನು ಪರೀಕ್ಷಿಸಿತು. ಯೇಲ್ ವಿಶ್ವವಿದ್ಯಾನಿಲಯದ ಕೊನೆಯ ವರ್ಷದ ಪದವಿ ವಿದ್ಯಾರ್ಥಿಗಳಿಗೆ ಧನುರ್ವಾಯು ರೋಗದ ಮೇಲೆ ಕಿರುಹೊತ್ತಗೆಗಳನ್ನು ಕೊಟ್ಟರು. ಕೆಲವು ಹೊತ್ತಗೆಗಳಲ್ಲಿ ಭಯಂಕರವಾದ ವರ್ಣನೆ, ಕೆಲವುಗಳಲ್ಲಿ ಸೌಮ್ಯವಾದದ್ದು. ಭಯದಿಂದ ವಿದ್ಯಾರ್ಥಿಗಳ ಅಭಿಪ್ರಾಯ ಬದಲಾಯಿತು, ನಡೆ ಬದಲಾಗಲಿಲ್ಲ. ಬದಲಿಸಿದ್ದು ಇನ್ನೊಂದು: ಕೆಲವರ ಹೊತ್ತಗೆಯಲ್ಲಿ ಚಿಕಿತ್ಸಾಲಯವನ್ನು ಗುರುತಿಸಿದ ನಕ್ಷೆಯಿತ್ತು, ನಿಮ್ಮ ವಾರದ ಕೆಲಸಗಳನ್ನು ನೋಡಿಕೊಂಡು ಯಾವಾಗ ಹೋಗುವಿರೆಂದು ಈಗಲೇ ನಿಶ್ಚಯಿಸಿರಿ ಎಂಬ ಸೂಚನೆಯಿತ್ತು. ಇಂಥ ಸೂಚನೆಯಿಲ್ಲದವರಲ್ಲಿ ನೂರಕ್ಕೆ ಸುಮಾರು 3 ಮಂದಿ ಸೂಜಿ ಹಾಕಿಸಿಕೊಂಡರೆ, ಇದ್ದವರಲ್ಲಿ ಸುಮಾರು 28 ಮಂದಿ ಹಾಕಿಸಿಕೊಂಡರು. ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ತಮ್ಮ ಆವರಣದ ಚಿಕಿತ್ಸಾಲಯ ಎಲ್ಲಿದೆಯೆಂದು ಮೊದಲೇ ಗೊತ್ತಿರಲೇಬೇಕು. ಆದರೂ ನಕ್ಷೆ ಕೆಲಸ ಮಾಡಿತು! ನಾವು ಗೋಡೆಗಳ ಮೇಲೆ "ಎಚ್ಚರಿಕೆ" ಎಂದು ಬರೆಯಿಸುತ್ತೇವೆ. ಅದರ ಬದಲು ಯಾವ ಬಸ್ಸು, ಯಾವ ಆಸ್ಪತ್ರೆ, ಮುಂದಿನ ಸೂಜಿ ಯಾವ ವಾರ ಯಾವ ದಿನ, ಅಂದು ಹುಡುಗನ ಸಂಗಡ ಯಾರು ಹೋಗುವರು ಎಂಬುದನ್ನು ಕೂತು ಗೊತ್ತುಮಾಡಿಸಿದರೆ ಫಲ ಹೆಚ್ಚು.

ಹೇಳುವವನು ಯಾರೆಂಬುದೂ ಸಣ್ಣ ವಿಷಯವಲ್ಲ. ಉಪಗ್ರಹದ ಮೂಲಕ ಹಳ್ಳಿಗಳಿಗೆ ಶಿಕ್ಷಣವನ್ನು ಮುಟ್ಟಿಸುವ ಟೆಲಿವಿಷನ್ ಪ್ರಯೋಗವೊಂದು 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ನಡೆಯಿತು. ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಂತೆ, ಆಗ ಜಹೀರಾಬಾದು ಮತ್ತು ನಾರಾಯಣಖೇಡಗಳು ಸೇರಿದ್ದ ಮೆದಕ್ ಜಿಲ್ಲೆಯ ಹಳ್ಳಿಗಳೂ ಅದರಲ್ಲಿದ್ದವು. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಕಾರ್ಯಕ್ರಮಗಳು ಬಂದವು. ಬೆಳಿಗ್ಗೆ ಶಾಲಾಮಕ್ಕಳಿಗೆ ವಿಜ್ಞಾನ, ಸಂಜೆ ಹಿರಿಯರಿಗೆ ಬೇಸಾಯ ಮತ್ತು ಆರೋಗ್ಯ. ಆ ಪ್ರಯೋಗದಲ್ಲಿ ದುಡಿದವರಲ್ಲಿ ಮೈಸೂರಿನಲ್ಲಿ ಹುಟ್ಟಿದ ಪಿ. ವಿ. ಸತೀಶರೂ ಒಬ್ಬರು. 2023ರಲ್ಲಿ ತೀರಿಕೊಂಡ ಇವರು ಮುಂದೆ ಜಹೀರಾಬಾದಿನ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು ಕಟ್ಟಿದರು. ಆ ಸಂಸ್ಥೆಯ ಹೆಣ್ಣುಮಕ್ಕಳ ಸಂಘಗಳಿಗಾಗಿ 2008ರ ಅಕ್ಟೋಬರ್ 15ರಂದು ಮಾಚನೂರಿನಲ್ಲಿ 'ಸಂಘಂ ರೇಡಿಯೊ' ಆರಂಭವಾಯಿತು. ಝರಾಸಂಗದ ಕೇತಕಿ ಸಂಗಮೇಶ್ವರನ ಜಾತ್ರೆಗೆ ಹೋಗುವ ನಮ್ಮ ಪೋಷಕರಿಗೆ ಆ ದಿಕ್ಕು ಪರಿಚಿತವೇ. ಅಲ್ಲಿ ಯಂತ್ರವನ್ನು ನಡೆಸಿದವರೂ ಮಾತನಾಡಿದವರೂ ಹೊಲದಲ್ಲಿ ದುಡಿಯುವ ದಲಿತ ಕುಟುಂಬಗಳ ಹೆಣ್ಣುಮಕ್ಕಳು. ನವಣೆಯ ಬೀಜವನ್ನು ಕಾಪಿಡುವ ಬಗೆಯನ್ನು ಪಟ್ಟಣದ ತಜ್ಞನು ಹೇಳುವುದಕ್ಕೂ, ಮಡಕೆಯಲ್ಲಿ ಬೂದಿ ಬೆರಸಿ ಬೀಜವಿಟ್ಟು ಬಲ್ಲವಳು ತನ್ನ ಊರಿನ ತೆಲುಗಿನಲ್ಲಿ ಹೇಳುವುದಕ್ಕೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ.

ಇವುಗಳಲ್ಲಿ ಯಾವುದೂ ಕಾಲೇಜಿನ ಪದವಿ ತರಗತಿಗೆ ಮೀರಿದ್ದಲ್ಲ. ಪ್ರಯೋಗಶಾಲೆಗೆ ವಾರದಲ್ಲಿ ಇಷ್ಟು ಗಂಟೆಯೆಂದು ಇರುವಂತೆ, ತಿಳಿಹೇಳುವ ಅಭ್ಯಾಸಕ್ಕೂ ಒಂದು ಗಂಟೆಯನ್ನು ಗೊತ್ತುಮಾಡಬಹುದು. ಅದಕ್ಕೆ ಉಪಕರಣ ಬೇಕಾಗಿಲ್ಲ. ತಾಳ್ಮೆಯಿಂದ ಕೇಳುವ ಒಬ್ಬ ಮನುಷ್ಯ ಸಾಕು. ಕೇಂಬ್ರಿಜ್ಜಿನ ಬಾರ್ಟ್‌ಲೆಟ್ ಎಂಬ ಮನಶ್ಶಾಸ್ತ್ರಜ್ಞರು 1932ರ ತಮ್ಮ ಗ್ರಂಥದಲ್ಲಿ ವಿವರಿಸಿದ ಕ್ರಮವೇ ಇದಕ್ಕೆ ಅನುಕೂಲವಾದದ್ದು. ಅವರು ಅಮೆರಿಕೆಯ ಮೂಲನಿವಾಸಿಗಳ ಕಥೆಯೊಂದನ್ನು ಇಂಗ್ಲಿಷರಿಗೆ ಓದಿಸಿ, ತಿರುಗಿ ಬರೆಯಿಸಿದರು. ಕಥೆಯಲ್ಲಿದ್ದ ಕಾಡುದೋಣಿ ಇವರ ಬರಹದಲ್ಲಿ ತಮ್ಮೂರಿನ ದೋಣಿಯಾಯಿತು. ಸೀಲು ಬೇಟೆ ಮೀನು ಹಿಡಿಯುವುದಾಯಿತು. ಅರ್ಥವಾಗದ ದೆವ್ವಗಳು ಮಾಯವಾದವು. ಕೇಳಿದ್ದನ್ನು ನಾವು ಪೆಟ್ಟಿಗೆಯಲ್ಲಿಟ್ಟಂತೆ ಇಡುವುದಿಲ್ಲ, ನಮ್ಮ ಅಚ್ಚಿಗೆ ಹೊಯ್ದು ಇಡುತ್ತೇವೆ. ಆದುದರಿಂದ "ತಿಳಿಯಿತೇ?" ಎಂದು ಕೇಳಬಾರದು, ತಿಳಿಯಿತೆಂದು ಎಲ್ಲರೂ ಮರ್ಯಾದೆಗಾಗಿ ಹೇಳುವರು. "ನಾನು ಹೇಳಿದ್ದನ್ನು ಪಕ್ಕದ ಮನೆಯವರಿಗೆ ಹೇಗೆ ಹೇಳುವಿರಿ?" ಎಂದು ಕೇಳಬೇಕು.

ಬೇಸಗೆಯ ರಜೆಯಲ್ಲಿ ಊರಿಗೆ ಬರುವ ನಮ್ಮ ಹಳೆಯ ವಿದ್ಯಾರ್ಥಿಗಳಿಂದ ನಾವು ಇದನ್ನೇ ಮಾಡಿಸತೊಡಗಿದೆವು. ಒಂದೇ ವಿಷಯವನ್ನು ಮನೆಯ ಹಿರಿಯರೊಬ್ಬರಿಗೆ ಹೇಳುವುದು. ಅವರು ಮತ್ತೊಬ್ಬರಿಗೆ ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದು ತರುವುದು. ಪೋಷಕರಲ್ಲಿ ನಮ್ಮ ವಿನಂತಿಯೇನೆಂದರೆ, ಕಾಲೇಜಿನ ಮಗ ಅಥವಾ ಮಗಳು ಹೀಗೆ ಎದುರಿಗೆ ಕೂತಾಗ ಸುಮ್ಮನೆ ತಲೆಯಾಡಿಸಬೇಡಿರಿ, ಅರ್ಥವಾಗದಲ್ಲಿ ತಡೆದು ಕೇಳಿರಿ. ನಿಮ್ಮ ಪ್ರಶ್ನೆ ಅವರಿಗೆ ಒಂದು ಪುಸ್ತಕಕ್ಕೆ ಸಮಾನ.

ಮೊದಲಿಗೆ ಹೇಳಿದ ಹುಡುಗನೂ ಒಂದು ರಜೆಯಲ್ಲಿ ಬಂದನು. ಖಾರಕ್ಕೆ ಹುಳ ಏಕೆ ಸಾಯುವುದಿಲ್ಲವೆಂಬ ಪ್ರಶ್ನೆಯನ್ನು ಅವನು ಮರೆತಿರಲಿಲ್ಲ. ಆ ವೈರಸ್ಸಿನ ಹೊರಪೊರೆ ಕೊಬ್ಬಿನದೆಂದೂ, ಸಾಬೂನು ಅದನ್ನು ಕರಗಿಸುವುದೆಂದೂ, ಖಾರಕ್ಕೆ ಆ ಶಕ್ತಿ ಇಲ್ಲದೆ ಅದು ಗಾಯವನ್ನು ಮಾತ್ರ ಕೆರಳಿಸುವುದೆಂದೂ ಓದಿಕೊಂಡು ಬಂದಿದ್ದನು. ಎಣ್ಣೆ ಹತ್ತಿದ ಬೋಗುಣಿಯನ್ನು ಆಯಿಯ ಮುಂದಿಟ್ಟು ಖಾರ ಹಾಕಿ ಉಜ್ಜಿ ತೋರಿಸಿದನು, ಬಳಿಕ ಸಾಬೂನು ಹಾಕಿ ಉಜ್ಜಿದನು. ಎರಡು ದಿನಗಳಾದ ಮೇಲೆ ಆಯಿ ನೀರು ತುಂಬಲು ಬಂದ ನೆರೆಯವಳಿಗೆ ಹೇಳಿದ್ದನ್ನು ಅವನು ಹಾಗೆಯೇ ಬರೆದು ತಂದು ನಮಗೆ ಕೊಟ್ಟನು: "ನಾಯಿ ಬಾಯಾಗಿನ ಹುಳಕ್ಕ ಎಣ್ಣಿ ಅಂಗಿ ಇರ್ತದಂತ. ಖಾರಕ್ಕ ಅದು ಹರಿಯಲ್ದು, ಸಾಬೂನಿಗಿ ಹರೀತದ. ತೊಳದು ದವಾಖಾನಿಗಿ ಒಯ್ಯಬೇಕು, ಸೂಜಿ ಪೂರಾ ಹಾಕಸಬೇಕು."

ಗಾಯವನ್ನು 15 ನಿಮಿಷ ತೊಳೆಯಬೇಕೆಂಬುದು ಮಾತ್ರ ಬಿಟ್ಟುಹೋಗಿತ್ತು. ಮರುದಿನ ಅವನು ಮತ್ತೆ ಹೇಳಹೋದಾಗ, 15 ನಿಮಿಷವೆಂದರೆ ಎಷ್ಟು ಹೊತ್ತೆಂದು ಆಯಿ ಕೇಳಿದಳಂತೆ. ಅಜ್ಜಿ ಮೊಮ್ಮಕ್ಕಳು ಮೂವರೂ ಬಚ್ಚಲಲ್ಲಿ ಕೂತು, ಫೋನಿನ ಗಡಿಯಾರವನ್ನು ನೋಡುತ್ತ, ನಾಯಿ ಕಚ್ಚಿದ್ದ ಆ ತಮ್ಮನ ಕಾಲಿನ ಮೇಲೆಯೇ ಚೆಂಬಿನಿಂದ ಸಣ್ಣಗೆ ನೀರು ಸುರಿದು ನೋಡಿದರು. ಎರಡೂವರೆ ಕೊಡವಾಯಿತು.